ಮಾಗಿಯ ಚಳಿಯಲ್ಲಿ ಕಣದ ಬೆಕ್ಕಿಗೊಂದು ಗೂಡು

ಚಳಿ ಬಂದೊಡನೆ ನೀವು ಎತ್ತಿಗೆ ಗೋಣಿತಾಟು ಹೊದಿಸುತ್ತೀರಿ, ಎಳೆಗರುವನ್ನು ಒಳಗೆ ಕಟ್ಟುತ್ತೀರಿ, ಕೋಳಿಗೂಡಿನ ಬಾಯಿಗೆ ಚೀಲ ಇಳಿಬಿಡುತ್ತೀರಿ. ಆದರೆ ಕಣ, ಹಿತ್ತಲು, ಕೊಟ್ಟಿಗೆಗಳಲ್ಲಿ ಸುಳಿದಾಡುವ ಬೆಕ್ಕು ಯಾರದು? ನಾಲ್ಕು ಮನೆಯ ಇಲಿ ಹಿಡಿಯುತ್ತದೆ, ಒಂದು ಮನೆಯಲ್ಲೂ ಅದಕ್ಕೆ ಮಲಗಲು ಜಾಗವಿಲ್ಲ.

ಹಿಮ ಬೀಳುವ ನಾಡು ನಮ್ಮದಲ್ಲ, ನಿಜ. ಆದರೂ ಬೀದರ್, ಕಲಬುರಗಿ, ವಿಜಯಪುರದ ಕಡೆ ಡಿಸೆಂಬರ್-ಜನವರಿಯ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು. ಬೆಕ್ಕಿನ ಮೈಶಾಖ ಸುಮಾರು 38ರಿಂದ 39 ಡಿಗ್ರಿ. ಹೊಟ್ಟೆ ತುಂಬಿದ ದೊಡ್ಡ ಬೆಕ್ಕು ಒಣಜಾಗದಲ್ಲಿ ಮುದುಡಿಕೊಂಡು ರಾತ್ರಿ ಕಳೆದೀತು. ಮೈ ತೊಯ್ದ ಬೆಕ್ಕು, ಮುದಿ ಬೆಕ್ಕು, ಮರಿಗಳು ತಾಳಲಾರವು. ಹುಟ್ಟಿದ ಮೊದಲ ವಾರಗಳಲ್ಲಿ ಮರಿಗೆ ತನ್ನ ಮೈಶಾಖ ತಾನೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ತಾಯಿಯ ಮಗ್ಗುಲೇ ಅದಕ್ಕೆ ಒಲೆ.

ಗೂಡಿಗೆ ದುಡ್ಡು ಬೇಕಿಲ್ಲ. ಹಳೆಯ ಹಣ್ಣಿನ ಪೆಟ್ಟಿಗೆಯೋ ಒಡೆದ ಮಣ್ಣಿನ ವಾಡೆಯೋ ಸಾಕು. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ದೊಡ್ಡದು ಮಾಡಿದರೆ ಬೆಕ್ಕಿನ ಮೈಶಾಖಕ್ಕೆ ಗೂಡು ಬೆಚ್ಚಗಾಗದು. ಬಾಯಿ ಆರು ಅಂಗುಲವಿದ್ದರೆ ಬೆಕ್ಕು ನುಗ್ಗುತ್ತದೆ, ನಾಯಿ ನುಗ್ಗಲಾರದು. ಚಳಿಗಾಲದ ಗಾಳಿ ಈಶಾನ್ಯದಿಂದ ಬರುವುದರಿಂದ ಬಾಯಿ ದಕ್ಷಿಣಕ್ಕಿರಲಿ. ಇಟ್ಟಿಗೆಯ ಮೇಲೆ ನಾಲ್ಕು ಅಂಗುಲ ಎತ್ತರಿಸಿಡಿ. ನೆಲದ ಥಂಡಿ, ಇಬ್ಬನಿಯ ತೇವ ಏರುವುದಿಲ್ಲ. ಹೊರಗೆ ಗೋಣಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಕೀಟನಾಶಕ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಮಾತ್ರ ಖಂಡಿತ ಬಳಸಬೇಡಿ.

ಒಳಗೆ ಹಳೆ ಬಟ್ಟೆ ಹಾಸುವುದು ನಮ್ಮ ರೂಢಿ. ಬಟ್ಟೆ ತೇವ ಹೀರಿ ಇನ್ನಷ್ಟು ಥಂಡಿ ಕೊಡುತ್ತದೆ. ಭತ್ತದ ಹುಲ್ಲು, ಸಿಗದಿದ್ದರೆ ಜೋಳದ ಒಣ ಎಲೆ ಸಡಿಲವಾಗಿ ತುಂಬಿ. ಬೆಕ್ಕು ಅದರೊಳಗೆ ತೂರಿ ಮಲಗುತ್ತದೆ. ನೆನೆದರೆ ಬದಲಿಸಿ.

ಗೂಡು ಸಿಗದ ಬೆಕ್ಕು ಬಚ್ಚಲ ಒಲೆಯ ಬೆಚ್ಚನೆ ಬೂದಿಯಲ್ಲಿ ಮಲಗುತ್ತದೆ. ಬೆಳಗಿನ ಕತ್ತಲಲ್ಲಿ ಹಂಡೆಗೆ ಬೆಂಕಿ ಹಚ್ಚುವ ಮೊದಲು ಒಲೆಯೊಳಗೆ ಒಮ್ಮೆ ಕೋಲಾಡಿಸಿ. ಟ್ರ್ಯಾಕ್ಟರ್ ಚಾಲೂ ಮಾಡುವ ಮೊದಲು ಬಾನೆಟ್ ಮೇಲೆ ಎರಡು ಏಟು ಹೊಡೆಯಿರಿ. ಮೇವಿಗಾಗಿ ಬಣವೆ ಬಿಚ್ಚುವಾಗ ಬುಡ ಕೆದಕಿ ನೋಡಿ, ಮರಿಗಳಿದ್ದರೆ ಆ ಮಗ್ಗುಲು ಒಂದು ತಿಂಗಳು ಬಿಟ್ಟು ಇನ್ನೊಂದು ಕಡೆಯಿಂದ ಮೇವು ತೆಗೆಯಿರಿ. ತಣ್ಣಗಾದ ಮರಿ ಕಂಡರೆ ಗಾಬರಿಯಲ್ಲಿ ಬಾಯಿಗೆ ಹಾಲು ಬಿಡಬೇಡಿ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೆಲ್ಲಗೆ ಕಾಯಿಸಿ, ಆಮೇಲೆ ತಾಯಿಯ ಬಳಿ ಬಿಡಿ. ಸೀನುವ ಬೆಕ್ಕಿಗೆ ನಮ್ಮ ಜ್ವರದ ಪ್ಯಾರಾಸಿಟಮಾಲ್ ಕೊಟ್ಟವರನ್ನು ಕಂಡಿದ್ದೇನೆ. ಒಂದು ಮಾತ್ರೆ ಸಾಕು, ಬೆಕ್ಕು ಸಾಯಲು.

ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯದು ಎನ್ನುತ್ತಾರೆ. ಇದು ಸುಳ್ಳು. ಉಂಡ ಬೆಕ್ಕೂ ಬೇಟೆಯಾಡುತ್ತದೆ. ಹಸಿದದ್ದು ಊರು ಬಿಟ್ಟು ಅಲೆಯುತ್ತದೆ. ಚಳಿಯಲ್ಲಿ ಮೈ ಕಾಯಲು ಆಹಾರ ಹೆಚ್ಚು ಬೇಕು. ಬರೀ ರೊಟ್ಟಿ-ಹಾಲು ಸಾಲದು, ಹಾಲು ಎಷ್ಟೋ ಬೆಕ್ಕುಗಳಿಗೆ ಒಗ್ಗುವುದೂ ಇಲ್ಲ. ಮಾಂಸ-ಮೀನಿನ ಚೂರು, ಬೇಯಿಸಿದ ಮೊಟ್ಟೆ ಸಂಜೆ ಹೊತ್ತಿಗೆ ಇಡಿ, ನೀರೂ ಇರಲಿ. ಬೆಕ್ಕೊಂದೇ ಇಲಿಗಳ ಸಂತಾನ ಅಳಿಸುತ್ತದೆಂದು ನಾನು ಹೇಳಲಾರೆ. ಹೆಗ್ಗಣದ ತಂಟೆಗೆ ಎಷ್ಟೋ ಬೆಕ್ಕು ಹೋಗುವುದಿಲ್ಲ. ಕಾಳಿಗೆ ತಗಡಿನ ಕಣಜ ಬೇಕೇ ಬೇಕು.

ಇನ್ನು ವಿಷದ ಮಾತು. 2014ರ ಡಿಸೆಂಬರ್‌ನಲ್ಲಿ ಬೀದರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಇಲಿ ನಿಯಂತ್ರಣದ ಪ್ರಾತ್ಯಕ್ಷಿಕೆ ನಡೆಸಿದವನು ನಾನೇ. ಬ್ರೊಮಾಡಿಯೊಲೋನ್ ಬಿಲ್ಲೆಗಳನ್ನು ಬಿಲಗಳಲ್ಲಿ ಇಡಿಸಿದೆ. ಸತ್ತ ಇಲಿಗಳನ್ನು ದಿನಾ ಆರಿಸಿ ಆಳವಾಗಿ ಹೂಳಿರಿ ಎಂದು ಹೇಳುವುದನ್ನು ಮರೆತೆ. ಈ ವಿಷ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟದೆ, ಕೆಲವು ದಿನ ನಿತ್ರಾಣವಾಗಿ ತೆವಳುತ್ತದೆ, ಬೆಕ್ಕಿಗೆ ಸುಲಭದ ತುತ್ತಾಗುತ್ತದೆ. ಹದಿನೈದು ದಿನ ಬಿಟ್ಟು ಹೋದಾಗ ಕಣದ ಎರಡೂ ಬೆಕ್ಕುಗಳಿರಲಿಲ್ಲ. ಒಂದರ ಮೂರು ಮರಿ ಬಣವೆಯ ಬುಡದಲ್ಲಿ ಚಳಿಗೆ ಸೆಟೆದು ಬಿದ್ದಿದ್ದವು. ಆ ಮನೆಯ ಅಜ್ಜಿ ನನಗೆ ಏನೂ ಅನ್ನಲಿಲ್ಲ, ಮರಿಗಳನ್ನು ತೋರಿಸಿದರು ಅಷ್ಟೆ. ಅಂದಿನಿಂದ ಬೆಕ್ಕಿರುವ ಕಣದಲ್ಲಿ ನಾನು ಬೋನು ಇಡಿಸುತ್ತೇನೆ, ವಿಷವನ್ನಲ್ಲ.

ಗೂಡನ್ನು ಮೇವು, ಕಾಳಿನ ರಾಶಿಯಿಂದ ದೂರವಿಡಿ. ಬೆಕ್ಕಿನ ಮಲದಿಂದ ಹರಡುವ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಕುರಿ-ಮೇಕೆಗಳು ಕಂದು ಹಾಕುವುದುಂಟು. ಗರ್ಭಿಣಿಯರು ಗೂಡು ಚೊಕ್ಕ ಮಾಡಬಾರದು. ಬೆಕ್ಕು ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ಗಾಯ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಕ್ಕು ಗಬ್ಬವಾದರೆ ಸುಮಾರು 65 ದಿನಕ್ಕೆ ಮರಿ ಹಾಕುತ್ತದೆ. ಹಿತ್ತಲಿನ ಬೆಕ್ಕಿನ ಹೊಟ್ಟೆ ಈಗಾಗಲೇ ಇಳಿಬಿದ್ದಿದ್ದರೆ ಗೂಡನ್ನು ಈ ವಾರವೇ ಇಟ್ಟುಬಿಡಿ.