ಕಡಲಿಂದ ಇಳಿದವನ ಒಂದು ರಾತ್ರಿ

ನಮ್ಮಲ್ಲಿ ಗಲ್ಫಿಗೆ ಹೋಗಿ ಬಂದವರ ಕತೆ ಮನೆಮನೆಯಲ್ಲೂ ಉಂಟು. ಹಡಗು ಹತ್ತಿದವರದ್ದು ಅಷ್ಟಾಗಿ ಕೇಳಲು ಸಿಗುವುದಿಲ್ಲ. ಕಳೆದ ವಾರ ಬಂದರಿನ ಚಾ ಹೋಟೆಲೊಂದರಲ್ಲಿ ಉಳ್ಳಾಲ ಕಡೆಯ ಯುವಕರೊಬ್ಬರ ಜೊತೆ ಕೂತಿದ್ದೆವು. ಸರಕು ಹಡಗಿನಲ್ಲಿ ಸೀಮನ್. ಒಂಬತ್ತು ತಿಂಗಳ ಡ್ಯೂಟಿ ಮುಗಿಸಿ ಸಿಂಗಾಪುರದಲ್ಲಿ ಇಳಿದು ಊರಿಗೆ ಬಂದಿದ್ದಾರೆ. "ಸಿಂಗಾಪುರ ಹೇಗುಂಟು?" ಎಂದು ನಾವು ಸುಮ್ಮನೆ ಕೇಳಿದ್ದು. ಮುಂದಿಟ್ಟ ಚಾ ಎರಡು ಸಲ ಆರಿ ಹೋಯಿತು. ಹೆಸರು ಹಾಕಬೇಡಿ ಎಂದರು, ಹಾಕಿಲ್ಲ.

ಅವರ ಹಡಗು ಬ್ರೆಜಿಲ್‌ನಲ್ಲಿ ಕಬ್ಬಿಣದ ಅದಿರು ತುಂಬಿಕೊಂಡು ಚೀನಾಕ್ಕೆ ಹೊರಟಿತ್ತು. ಆಫ್ರಿಕಾದ ತುದಿ ಸುತ್ತಿ ಸಿಂಗಾಪುರ ಮುಟ್ಟಲಿಕ್ಕೇ ಮೂವತ್ತು ದಿನಕ್ಕೂ ಹೆಚ್ಚು. ಹೊರಟ ಆರನೇ ದಿನ ಮನೆಯಿಂದ ಮೆಸೇಜ್ ಬಂತು. ಉಪ್ಪ ತೀರಿಕೊಂಡಿದ್ದರು.

"ಕ್ಯಾಪ್ಟನ್ ಒಳ್ಳೆ ಜನ. ನನ್ನ ಕೈ ಹಿಡಿದು ಕೂತ್ರು. ಆದ್ರೆ ಅಷ್ಟು ದೊಡ್ಡ ಹಡಗನ್ನು ನನಗೋಸ್ಕರ ಹಿಂದೆ ತಿರುಗಿಸ್ಲಿಕ್ಕೆ ಆಗ್ತದಾ? ಇಲ್ಲಿ ಅವತ್ತೇ ಸಂಜೆ ದಫನ ಆಯ್ತು. ನಾನು ರಾತ್ರಿ ವಾಚ್‌ಗೆ ನಿಂತೆ."

ನಾಲ್ಕು ಗಂಟೆ ವಾಚ್, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ. ಬಿಡುವಿನಲ್ಲೂ ಓವರ್‌ಟೈಮ್ ಕೆಲಸ. ಇಪ್ಪತ್ತೆರಡು ಮಂದಿ ಇದ್ದ ಹಡಗಿನಲ್ಲಿ ಸಮುದಾಯದವರು ಬೇರೆ ಯಾರೂ ಇಲ್ಲ. ಮಯ್ಯತ್ ನಮಾಝನ್ನು ಕ್ಯಾಬಿನ್‌ನಲ್ಲಿ ಒಬ್ಬರೇ ಮಾಡಿದರಂತೆ. "ಅಳ್ಲಿಕ್ಕೂ ಟೈಮ್ ಬೇಕಲ್ಲ" ಎಂದು ನಕ್ಕರು. ನಮಗೆ ನಗು ಬರಲಿಲ್ಲ.

ಸಿಂಗಾಪುರದಲ್ಲಿ ಇಂಥ ಹಡಗುಗಳು ದಡಕ್ಕೆ ಬರುವುದಿಲ್ಲ. ಹೊರಗೆ ಲಂಗರು ಹಾಕಿ ಎಣ್ಣೆ ತುಂಬಿಸಿಕೊಳ್ಳುತ್ತವೆ. ಇಳಿಯುವವರನ್ನು ಲಾಂಚ್‌ನಲ್ಲಿ ಮರೀನಾ ಸೌತ್ ಪಿಯರ್‌ಗೆ ತಂದು ಬಿಡುತ್ತಾರೆ. ಜೊತೆಗೆ ಇಳಿದ ಫಿಲಿಪ್ಪೀನ್ಸ್‌ನವನಿಗೆ ಅದೇ ಸಂಜೆ ವಿಮಾನ ಇತ್ತು. ಇವರ ವಿಮಾನ ಮರುದಿನ ಬೆಳಿಗ್ಗೆ. ಏಜೆಂಟ್ ಚೈನಾಟೌನ್‌ನ ಸಣ್ಣ ಹೋಟೆಲಿಗೆ ಬಿಟ್ಟು, "ಐದು ಗಂಟೆಗೆ ಕೆಳಗೆ ಬಂದು ನಿಲ್ಲಿ" ಎಂದು ಹೇಳಿ ಹೋದ.

ಇದೂ ಒಂದು ಭಾಗ್ಯ ಎಂದೇ ಹೇಳಬೇಕು. ಕೊರೊನಾ ಕಾಲದಲ್ಲಿ, 2020ರಲ್ಲಿ, ಸುಮಾರು 4 ಲಕ್ಷ ನಾವಿಕರು ಅವಧಿ ಮುಗಿದರೂ ಇಳಿಯಲಾಗದೆ ಹಡಗಿನಲ್ಲೇ ಉಳಿದಿದ್ದರು ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಲೆಕ್ಕ ಕೊಟ್ಟಿತ್ತು.

ಮಲಗಿದರೆ ಮಂಚ ತೂಗುತ್ತದೆ. ಎದ್ದು ನಿಂತರೆ ನೆಲವೂ ತೂಗುತ್ತದೆ. ಬಹಳ ದಿನ ಕಡಲಲ್ಲಿದ್ದವರಿಗೆಲ್ಲ ಹೀಗಾಗುವುದುಂಟು. ಇಂಜಿನ್ ಸದ್ದಿಲ್ಲದೆ ನಿದ್ದೆಯೂ ಹತ್ತಲಿಲ್ಲ. ಚಪ್ಪಲಿ ಸಿಕ್ಕಿಸಿಕೊಂಡು ಹೊರಟರು. ಸೌತ್ ಬ್ರಿಡ್ಜ್ ರಸ್ತೆಯಲ್ಲಿ ಎರಡು ಮಿನಾರಗಳ ಜಾಮಿಯಾ ಚೂಲಿಯಾ ಮಸೀದಿ ಸಿಕ್ಕಿತು. ತಮಿಳು ಮುಸ್ಲಿಂ ವ್ಯಾಪಾರಿಗಳು 1826ರಲ್ಲಿ ಶುರು ಮಾಡಿದ್ದು. ಅದರ ಪಕ್ಕದಲ್ಲೇ ಮಾರಿಯಮ್ಮನ ಗುಡಿ. ಅಲ್ಲಿಂದ ದಾರಿ ಕೇಳಿಕೊಂಡು ತೆಲೊಕ್ ಆಯರ್ ಬೀದಿಗೆ ಬಂದರು.

ಈ ಬೀದಿಯ ಬಗ್ಗೆ ಸ್ವಲ್ಪ ಹೇಳಬೇಕು. ತೆಲೊಕ್ ಆಯರ್ ಎಂದರೆ ಮಲಯ್ ಭಾಷೆಯಲ್ಲಿ ನೀರಿನ ಕೊಲ್ಲಿ. ಒಂದು ಕಾಲದಲ್ಲಿ ಬೀದಿಯ ಅಂಚಿಗೇ ಕಡಲಿತ್ತು. ವಾರಗಟ್ಟಲೆ ಹಾಯಿ ಹಡಗಿನಲ್ಲಿ ಬಂದವರು ಕಾಲಿಡುತ್ತಿದ್ದದ್ದೇ ಇಲ್ಲಿ. ಜೀವ ಉಳಿಯಿತಲ್ಲ ಎಂಬ ಶುಕ್ರು ಹೇಳಲಿಕ್ಕೆ ಒಬ್ಬೊಬ್ಬರೂ ಒಂದೊಂದು ಜಾಗ ಮಾಡಿಕೊಂಡರು. ಚೂಲಿಯಾಗಳು 1828ರಿಂದ 1830ರ ಒಳಗೆ ನಾಗೂರು ಶಾಹುಲ್ ಹಮೀದರ ಹೆಸರಲ್ಲಿ ದರ್ಗಾ ಕಟ್ಟಿದರು. ಚೀನಾದ ಹೊಕ್ಕಿಯನ್ ಜನ ಕಡಲ ದೇವತೆ ಮಾಝುವಿಗೆ ಥಿಯನ್ ಹಾಕ್ ಕೆಂಗ್ ಎಂಬ ಗುಡಿ ಕಟ್ಟಿ 1842ರಲ್ಲಿ ಮುಗಿಸಿದರು. ಅದನ್ನು ದಾಟಿದರೆ 1827ರಲ್ಲಿ ಹುಲ್ಲಿನ ಗುಡಿಸಲಾಗಿ ಶುರುವಾದ ಅಲ್ ಅಬ್ರಾರ್ ಮಸೀದಿ. ಗುಡಿಸಲಾಗಿದ್ದಕ್ಕೇ ತಮಿಳರು ಅದನ್ನು 'ಕುಚ್ಚು ಪಳ್ಳಿ' ಎಂದರು.

"ಪಳ್ಳಿ ಅಂತ ಕೇಳಿದ ಕೂಡ್ಲೇ ಎದೆಗೆ ಏನೋ ಆಯ್ತು. ನಮ್ಮ ಮನೆ ಮಾತೇ ಅಲ್ವಾ ಅದು? ಇಶಾ ಮುಗ್ದಿತ್ತು. ಮೂಲೆಯಲ್ಲಿ ಒಬ್ಬರು ಅಜ್ಜ ಕೂತಿದ್ರು. ಅವರು ತಮಿಳಲ್ಲಿ, ನಾನು ಬ್ಯಾರಿಯಲ್ಲಿ. ಎಲ್ಲಿಂದ ಅಂತ ಕೇಳಿದ್ರು. ಹಡಗಿಂದ ಅಂದೆ. ಮನೆಯಲ್ಲಿ ಎಲ್ಲ ಸೌಖ್ಯವಾ ಅಂತ ಕೇಳಿದ್ರು..."

ಅಲ್ಲಿಗೆ ನಿಲ್ಲಿಸಿದರು. ನಾವೂ ಗ್ಲಾಸು ನೋಡುತ್ತಾ ಕೂತೆವು.

ಉಪ್ಪ ಹೋದ ಇಪ್ಪತ್ತೈದು ದಿನಗಳ ನಂತರ ಮೊದಲ ಸಲ ಅತ್ತದ್ದು ಅಲ್ಲಿಯಂತೆ, ಗುರುತಿಲ್ಲದ ಊರಿನಲ್ಲಿ, ಗುರುತಿಲ್ಲದವರ ಎದುರು. ಅಜ್ಜ ಏನೂ ಕೇಳಲಿಲ್ಲ. ನೀರು ತಂದುಕೊಟ್ಟರು. ಇಬ್ಬರೂ ಕೂತು ಯಾಸೀನ್ ಓದಿದರು.

ಸುಲ್ತಾನ್ ಮಸೀದಿ ನೋಡಿಲ್ಲವಾ ಎಂದು ನಾವು ಕೇಳಿದೆವು. ಗುಮ್ಮಟದ ಬುಡಕ್ಕೆ ಬಡವರು ಕೊಟ್ಟ ಬಾಟಲಿಗಳನ್ನು ಜೋಡಿಸಿದ ಪಳ್ಳಿ ಅದು, ಹೋದವರೆಲ್ಲ ಅದರ ಫೋಟೊ ತರುತ್ತಾರೆ. ಇಲ್ಲವಂತೆ. ಉಳಿದ ಹೊತ್ತೆಲ್ಲ ಅದೇ ಬೀದಿಯಲ್ಲಿ ಆಚೆ ಈಚೆ ನಡೆದರಂತೆ. ಕಡಲು ಎಲ್ಲಿ ಹೋಯಿತು ಎಂದು ಹುಡುಕಿದರಂತೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಮಣ್ಣು ತುಂಬಿ ಕಡಲನ್ನು ದೂರ ತಳ್ಳಿದ್ದಾರೆ. ಈಗ ಅದರ ಜಾಗದಲ್ಲಿ ಬ್ಯಾಂಕುಗಳ ಎತ್ತರದ ಕಟ್ಟಡಗಳು. ತಡರಾತ್ರಿ ಒಂದು ಅಂಗಡಿಯಲ್ಲಿ ಪರೋಟಾ ತಿಂದು, ಎತ್ತಿ ಸುರಿದ ಚಾ ಕುಡಿದರು. ನಮ್ಮ ಮೀಟರ್ ಚಾದ ಹಾಗೆಯೇ, ಸಿಹಿ ಮಾತ್ರ ಜಾಸ್ತಿ.

"ಸೀದಾ ಮನೆಗೆ ಬಂದಿದ್ರೆ ಉಮ್ಮನ ಎದುರು ನಾನೇ ಕುಸಿದು ಬೀಳ್ತಿದ್ದೆ. ಇಲ್ಲಿ ಅವರನ್ನು ಹಿಡ್ಕೊಳ್ಳುವವ ಒಬ್ಬ ಬೇಕಿತ್ತಲ್ಲ?"

ಮನೆ ಮುಟ್ಟಿದ ದಿನ ನೆಲ ತೂಗುವುದು ನಿಂತಿರಲಿಲ್ಲವಂತೆ. ಕಬರ್ ಹತ್ತಿರ ನಿಂತಾಗಲೂ ತೂಗುತ್ತಿತ್ತು. ಮತ್ತೆ ಎರಡು ದಿನಕ್ಕೆ ಸರಿಯಾಯಿತು.

ಮುಂದಿನ ಹಡಗು ಎಲ್ಲಿಂದ ಎಂದು ಕೇಳಿದೆವು. ಎರಡು ತಿಂಗಳು ಬಿಟ್ಟು, ಮತ್ತೆ ಸಿಂಗಾಪುರದಲ್ಲೇ ಹತ್ತಬೇಕು. "ಒಂದು ದಿನ ಮುಂಚಿನ ಟಿಕೆಟ್ ಹಾಕಿ ಅಂತ ಆಫೀಸಿನವರ ಹತ್ರ ಹೇಳಿದ್ದೇನೆ. ಅಜ್ಜನಿಗೆ ಕೊಡ್ಲಿಕ್ಕೆ ಉಮ್ಮ ಏನೋ ಕಟ್ಟಿ ಇಡ್ತಾರಂತೆ" ಎಂದು ಎದ್ದರು. ಚಾದ ಹಣ ಕೊಡಲು ನಮ್ಮನ್ನು ಬಿಡಲಿಲ್ಲ.