ಸೂರ್ಯನನ್ನು ನೆಚ್ಚದ ಛಾಯಾಗ್ರಾಹಕ

ಬೆಟ್ಟದ ರೈಲುದಾರಿಯ ಪಕ್ಕದಲ್ಲಿ ನಿಂತು ಗಾಡಿಗಳ ಚಿತ್ರ ತೆಗೆಯುವ ಗೀಳಿನವರು ರೈಲು ಇರುವ ದೇಶಗಳಲ್ಲೆಲ್ಲ ಉಂಟು. ತಿರುವಿನ ಹೊರಮೈಯಲ್ಲಿ ಜಾಗ ಹಿಡಿದು, ಎಂಜಿನ್ನಿನ ಮೋರೆಗೆ ಬಿಸಿಲು ಬೀಳುವ ಗಳಿಗೆಯನ್ನು ಲೆಕ್ಕಹಾಕಿ, ಸುರಂಗದ ಬಾಯಿಂದ ಸದ್ದು ಹೊರಡುವುದನ್ನೇ ಆಲಿಸುತ್ತ ಗಂಟೆಗಟ್ಟಲೆ ಕುಳಿತು, ಕಡೆಗೆ ಗಾಡಿ ಬಂದ ಹೊತ್ತಿಗೆ ಸರಿಯಾಗಿ ಮೋಡವೊಂದು ಅಡ್ಡಬರಲು ಏನೂ ಆಗಲಿಲ್ಲವೆಂಬಂತೆ ಎದ್ದು ಮನೆಗೆ ನಡೆಯುವ ತಾಳ್ಮೆಯೇ ಇವರ ಮೊದಲ ಬಂಡವಾಳ. ಸೂರ್ಯನು ಇವರ ಒಡೆಯ. ಒಲಿದರೆ ಚಿತ್ರ, ಮುನಿದರೆ ಬರಿಗೈ. ಆ ಒಡೆತನವನ್ನು ಒಪ್ಪದೆ, ತನಗೆ ಬೇಕಾದ ಬೆಳಕನ್ನು ತಾನೇ ಮೋಟಾರಿನಲ್ಲಿ ಹೇರಿಕೊಂಡು, ಕಾರಿರುಳಿನಲ್ಲಿ ಅಮೆರಿಕದ ಅಪಲೇಷಿಯನ್ ಬೆಟ್ಟಗಳನ್ನು ಸುತ್ತಿದ ಒಬ್ಬಾತನ ಪರಿಚಯವನ್ನು ಇಲ್ಲಿ ಮಾಡಿಕೊಡಬೇಕೆಂದಿದ್ದೇನೆ. ಆತನ ಹೆಸರು ಒ. ವಿನ್‌ಸ್ಟನ್ ಲಿಂಕ್.

ಮೊದಲು ರೈಲ್ವೆಯ ವಿಷಯ ಎರಡು ಮಾತು. ನಾರ್ಫೋಕ್ ಅಂಡ್ ವೆಸ್ಟರ್ನ್ ಎಂಬುದು ವರ್ಜೀನಿಯದ ಕಡಲತೀರದ ನಾರ್ಫೋಕ್ ಬಂದರಿನಿಂದ ಹೊರಟು, ಬ್ಲೂ ರಿಜ್ ಬೆಟ್ಟಸಾಲನ್ನು ದಾಟಿ, ಕಲ್ಲಿದ್ದಲಿನ ಗಣಿಗಳ ನಾಡಾದ ಪಶ್ಚಿಮ ವರ್ಜೀನಿಯವನ್ನು ಹೊಕ್ಕು ಒಹಾಯೋವರೆಗೆ ಹಬ್ಬಿದ್ದ ಕಂಪನಿ. ಗಣಿಯ ಕಲ್ಲಿದ್ದಲನ್ನು ಬಂದರಿಗೆ ಸಾಗಿಸುವುದೇ ಅದರ ಅನ್ನ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಇತರ ದೊಡ್ಡ ರೈಲ್ವೆಗಳು ಒಂದೊಂದಾಗಿ ಡೀಸೆಲಿಗೆ ತಿರುಗಿಕೊಂಡಾಗಲೂ, ತನ್ನ ಗಿರಾಕಿಗಳು ಅಗೆದು ತೆಗೆಯುವ ವಸ್ತುವನ್ನೇ ಉರಿಸಿ ಓಡುವ ಉಗಿಯ ಎಂಜಿನ್ನನ್ನು ಕೈಬಿಡಲು ಮನಸ್ಸು ಬಾರದೆ, ಈ ಕಂಪನಿ ರೋನೋಕ್ ಪಟ್ಟಣದ ಸ್ವಂತ ಕಾರ್ಖಾನೆಯಲ್ಲಿ 1953ರವರೆಗೂ ಉಗಿಯ ಎಂಜಿನ್ನುಗಳನ್ನು ಕಟ್ಟುತ್ತಲೇ ಇದ್ದಿತು. ಪ್ಯಾಸೆಂಜರ್ ಗಾಡಿಗಳಿಗೆ ನುಣುಪು ಮೈಯ 'ಜೆ' ವರ್ಗ, ವೇಗದ ಗೂಡ್ಸುಗಳಿಗೆ 'ಎ' ವರ್ಗ, ಹದಿನಾರು ಚಾಲಕ ಚಕ್ರಗಳ ಮೇಲೆ ನಿಧಾನವಾಗಿ, ಆದರೆ ಎಡೆಬಿಡದೆ, ಕಲ್ಲಿದ್ದಲಿನ ಉದ್ದನೆಯ ಗಾಡಿಗಳನ್ನು ಏರಿಗೆ ಎಳೆಯುವ 'ವೈ6' ವರ್ಗ, ಈ ಮೂರೂ ಅಲ್ಲಿಯೇ ಹುಟ್ಟಿದವು. ರೋನೋಕಿನ ಪೂರ್ವಕ್ಕಿರುವ ಬ್ಲೂ ರಿಜ್ ಏರಿನಲ್ಲಿ ಮುಂದಿನ ಎಂಜಿನ್ನು ಎಳೆಯುತ್ತಿರಲು ಹಿಂದಿನಿಂದ ಇನ್ನೊಂದು ನೂಕುವುದು ನಿತ್ಯದ ನೋಟ. 1:37ರ ಇಳಿಜಾರಿನ ಕ್ಯಾಸಲ್ ರಾಕ್–ಕುಲೇಮ್ ಘಾಟಿಯಲ್ಲಿ ಬ್ಯಾಂಕರ್ ಎಂಜಿನ್ನುಗಳ ಏದುಸಿರನ್ನು ಕೇಳಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಿಂಕ್ ಈ ಬೆಟ್ಟಗಳವನಲ್ಲ. 1914ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಹುಟ್ಟಿ, ಸಿವಿಲ್ ಎಂಜಿನಿಯರಿಂಗ್ ಓದಿ, ಪ್ರಚಾರದ ಕಂಪನಿಯೊಂದರಲ್ಲಿ ಛಾಯಾಗ್ರಾಹಕನಾಗಿ ಕೈಪಳಗಿಸಿಕೊಂಡು, ಮುಂದೆ ಜಾಹೀರಾತಿನ ಚಿತ್ರಗಳನ್ನು ತೆಗೆದು ಜೀವಿಸುತ್ತಿದ್ದ ಪಟ್ಟಣಿಗ. 1955ರ ಜನವರಿಯಲ್ಲಿ ಹವಾನಿಯಂತ್ರಣ ಯಂತ್ರಗಳ ಚಿತ್ರ ತೆಗೆಯುವ ಕೆಲಸದ ಮೇಲೆ ವರ್ಜೀನಿಯದ ಸ್ಟಾಂಟನ್ ಊರಿಗೆ ಬಂದವನು, ಹತ್ತಿರದ ವೇನ್ಸ್‌ಬರೋ ಸ್ಟೇಷನ್ನಿನಲ್ಲಿ ಇನ್ನೂ ಉಗಿಯ ಗಾಡಿಗಳು ಓಡಾಡುತ್ತಿರುವುದನ್ನು ಕೇಳಿ ಒಂದು ಸಂಜೆ ನೋಡಲು ಹೋದನು. ಮರುರಾತ್ರಿಯೇ ಕ್ಯಾಮೆರಾ ಮತ್ತು ಬೆಳಕಿನ ಸರಂಜಾಮುಗಳೊಡನೆ ಮತ್ತೆ ಅಲ್ಲಿ ನಿಂತಿದ್ದನು. ನಾರ್ಫೋಕ್ ಅಂಡ್ ವೆಸ್ಟರ್ನ್ ಕಂಪನಿಯ ಅಧ್ಯಕ್ಷನಾಗಿದ್ದ ಆರ್. ಎಚ್. ಸ್ಮಿತ್ ಆತನಿಗೆ ಹಳಿಗಳ ಬಳಿ ಓಡಾಡಲು ಅನುಮತಿಯನ್ನಿತ್ತನು. ಹಣವನ್ನು ಮಾತ್ರ ಯಾರೂ ಕೊಡಲಿಲ್ಲ. ಅದೇ ವರ್ಷ ಆ ಕಂಪನಿಯೂ ಡೀಸೆಲ್ ಎಂಜಿನ್ನುಗಳಿಗೆ ಬೇಡಿಕೆ ಸಲ್ಲಿಸಿತು. ಅಲ್ಲಿಂದ ಉಗಿಯ ಯುಗ ಮುಗಿದ 1960ರವರೆಗೆ, ನ್ಯೂಯಾರ್ಕಿನಲ್ಲಿ ಸಂಪಾದಿಸಿದ್ದನ್ನು ವರ್ಜೀನಿಯದ ಬೆಟ್ಟಗಳಲ್ಲಿ ಸುರಿಯುತ್ತ, ಸುಮಾರು ಇಪ್ಪತ್ತು ಬಾರಿ ಬಂದುಹೋಗಿ, ಹೆಚ್ಚು ಕಡಿಮೆ 2,400 ನೆಗೆಟಿವ್‌ಗಳನ್ನು ಆತನು ಕೂಡಿಹಾಕಿದನು.

ರಾತ್ರಿಯೇ ಏಕೆ? ಈ ಪ್ರಶ್ನೆಗೆ ಉತ್ತರ ಉಗಿಯ ಎಂಜಿನ್ನಿನ ಮೈಯಲ್ಲಿಯೇ ಇದೆ. ಅದು ಕಪ್ಪು, ಅದರ ಚಕ್ರಗಳೂ ಚಕ್ರಗಳನ್ನು ತಿರುಗಿಸುವ ಉಕ್ಕಿನ ದಂಡಗಳೂ ಬಾಯ್ಲರಿನ ನೆರಳಿನಲ್ಲಿ ಅಡಗಿರುವುವು. ಹಳಿಯಂತೂ ಹಾಕಿದಲ್ಲಿ ಬಿದ್ದಿರುವುದು. ಸೂರ್ಯನನ್ನೂ ಬೇಕಾದ ಕಡೆಗೆ ಸರಿಸುವಂತಿಲ್ಲ. ಅವೆರಡರ ನಡುವೆ ಛಾಯಾಗ್ರಾಹಕನಿಗೆ ಉಳಿಯುವ ಸ್ವಾತಂತ್ರ್ಯ ಅತ್ಯಲ್ಪ. ಇರುಳಿನಲ್ಲಾದರೋ ಆತನು ಬೆಳಗಿದುದಷ್ಟೇ ಲೋಕ, ಬೆಳಗದುದು ಇಲ್ಲವೇ ಇಲ್ಲ. ಬೇಡವಾದ ಕಂಬ, ತಂತಿ, ಗುಜರಿಯ ರಾಶಿಗಳೆಲ್ಲ ಕತ್ತಲೆಯಲ್ಲಿ ಲಯವಾಗುವುವು. ಹಗಲಿನಲ್ಲಿ ಬೂದುಬಣ್ಣದ ಆಕಾಶದೊಡನೆ ಬೆರೆತು ಕಾಣದಾಗುವ ಉಗಿ, ಕರಿಯ ಬಾನಿನ ಮುಂದೆ ಅಚ್ಚ ಬೆಳ್ಳಗೆ, ಮುಟ್ಟಬಹುದೆಂಬಂತೆ, ನಿಲ್ಲುವುದು.

ಆದರೆ ಆ ಬೆಳಕನ್ನು ಕಟ್ಟುವ ಕೆಲಸ ಸಾಮಾನ್ಯದ್ದಲ್ಲ. ಆಗಿನ ಫ್ಲಾಶ್ ಬಲ್ಬು ಒಂದು ಸಲ ಉರಿದರೆ ಮುಗಿಯಿತು; ಒಳಗಿನ ಲೋಹದ ಎಳೆಗಳು ಕ್ಷಣಾರ್ಧದಲ್ಲಿ ಭಗ್ಗನೆ ಹೊತ್ತಿ ಗಾಜು ಸುಟ್ಟುಹೋಗುವುದು. ಒಂದು ಬಲ್ಬು ಒಂದು ಮುಖಕ್ಕೆ ಸಾಕು. ಎಂಜಿನ್ನು, ಅದರ ಹಿಂದಿನ ಬೋಗಿಗಳು, ಸೇತುವೆ, ಕೆಳಗಿನ ಹೊಳೆ, ದಡದ ಮರಗಳು ಇಷ್ಟಕ್ಕೂ ಬೆಳಕು ಹರಿಯಬೇಕಾದರೆ ಹತ್ತಾರು ಬಲ್ಬುಗಳನ್ನು ದೊಡ್ಡ ಪ್ರತಿಫಲಕಗಳಲ್ಲಿ ಕೂರಿಸಿ, ಅವನ್ನು ಹಳಿಯ ಆಚೆ ಈಚೆ, ಪೊದೆಯ ಮರೆಯಲ್ಲಿ, ಮನೆಯ ಮಾಡಿನ ಮೇಲೆ ಹಂಚಿಟ್ಟು, ಅಷ್ಟುದ್ದಕ್ಕೂ ತಂತಿ ಎಳೆಯಬೇಕು. ಬಲ್ಬುಗಳನ್ನು ಲಿಂಕ್ ಪೋಣಿಸಿದ್ದು ನಮ್ಮ ಮದುವೆ ಚಪ್ಪರದ ಸೀರಿಯಲ್ ಸೆಟ್ಟಿನಂತೆ: ಒಂದರ ತಂತಿ ಸಡಿಲವಾದರೂ ಇಡೀ ಸಾಲೇ ಹೊತ್ತದು. ಆದುದರಿಂದ ಗಾಡಿ ಬರುವ ಮುನ್ನ ಆತನೂ ಆತನ ಸಹಾಯಕನೂ ಪ್ರತಿಯೊಂದು ಕೂಡಿಕೆಯನ್ನೂ ಪರೀಕ್ಷಿಸಬೇಕು. ಬ್ಯಾಟರಿಯಿಂದ ವಿದ್ಯುತ್ತನ್ನು ಕೂಡಿಟ್ಟುಕೊಂಡು ಒಂದೇ ಏಟಿಗೆ ಬಿಡುವ ಪೆಟ್ಟಿಗೆಯನ್ನು ಈ ಎಂಜಿನಿಯರ್ ತಾನೇ ರೂಪಿಸಿದ್ದನು. ಗುಂಡಿಯೊತ್ತಿದರೆ ಸಾಕು, ಅಕ್ಕಪಕ್ಕದಲ್ಲಿಟ್ಟ ಕ್ಯಾಮೆರಾಗಳ ಕಣ್ಣು ತೆರೆಯುವುದೂ ಬಲ್ಬುಗಳೆಲ್ಲ ಉರಿಯುವುದೂ ಏಕಕಾಲದಲ್ಲಿ ನಡೆಯಬೇಕು.

ಈಗ ಗಾಡಿಯ ಕಡೆಯಿಂದ ನೋಡೋಣ. ಗಂಟೆಗೆ ಅರವತ್ತು ಮೈಲಿಯ ವೇಗದಲ್ಲಿ ಬರುವ ಎಂಜಿನ್ನು ಒಂದು ಸೆಕೆಂಡಿಗೆ 88 ಅಡಿ ಸರಿಯುತ್ತದೆ. ಕತ್ತಲೆಯಲ್ಲಿ ಅದರ ಮುಂದೀಪವೊಂದೇ ಕಾಣುತ್ತದೆ, ಮೈ ಕಾಣದು. ಹಗಲಿನಲ್ಲಿಯೇ ಅಳೆದು, ಮಸೂರವನ್ನು ಹೊಂದಿಸಿ, ಚಿತ್ರದಲ್ಲಿ ಎಂಜಿನ್ನಿನ ಮೂಗು ಎಲ್ಲಿರಬೇಕೆಂದು ಗೊತ್ತುಮಾಡಿಕೊಂಡ ಆ ಒಂದು ಜಾಗಕ್ಕೆ ಅದು ಬಂದಿತೆಂಬುದನ್ನು ಅಂದಾಜಿನಿಂದ ತಿಳಿದು ಗುಂಡಿಯೊತ್ತಬೇಕು. ಅರೆಸೆಕೆಂಡು ತಡವಾದರೂ ಎಂಜಿನ್ನಿನ ಮೂಗು ಆ ಜಾಗವನ್ನು ದಾಟಿಹೋಗಿರುವುದು. ಎರಡನೆಯ ಯತ್ನವೆಂಬುದಿಲ್ಲ. ಸುಟ್ಟ ಬಲ್ಬುಗಳನ್ನೆಲ್ಲ ತೆಗೆದು ಹೊಸವನ್ನು ಹಾಕುವಷ್ಟರಲ್ಲಿ ಗಾಡಿ ಮುಂದಿನ ಜಿಲ್ಲೆಯಲ್ಲಿರುವುದು, ಮತ್ತೊಂದು ಗಾಡಿ ನಾಳೆಯ ಮಾತು.

ಇಷ್ಟೆಲ್ಲ ಶ್ರಮ ಬರಿಯ ಎಂಜಿನ್ನಿಗಾಗಿ ಆಗಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ. ಲಿಂಕನ ಚಿತ್ರಗಳಲ್ಲಿ ಗಾಡಿ ಅನೇಕ ವೇಳೆ ಹಿಂದಕ್ಕೆ ಸರಿದಿರುತ್ತದೆ; ಮುಂದೆ ಇರುವವರು ಮನುಷ್ಯರು. ಲಿಥಿಯ ಎಂಬ ಊರಿನ ಮನೆಯೊಂದರ ನಡುಕೋಣೆಯಲ್ಲಿ ಗೃಹಿಣಿ ಕುರ್ಚಿಯಲ್ಲಿ ಕುಳಿತಿದ್ದಾಳೆ, ಹುಡುಗನೊಬ್ಬ ಕಿಟಕಿಯ ಬಳಿ ನಿಂತು ಕೈಬೀಸುತ್ತಿದ್ದಾನೆ, ಕಿಟಕಿಯಾಚೆ ಅಂಗಳದಷ್ಟು ಹತ್ತಿರದಲ್ಲಿ ರಾತ್ರಿಯ ಗಾಡಿ ಹಾಯುತ್ತಿದೆ. ಲೂರೇ ಪಟ್ಟಣದ ಬಳಿಯ ಹಾಕ್ಸ್‌ಬಿಲ್ ತೊರೆಯಲ್ಲಿ ಊರ ಮಕ್ಕಳು ಇರುಳಿನಲ್ಲಿ ಈಜಾಡುತ್ತಿದ್ದಾರೆ, ತಲೆಯ ಮೇಲಿನ ಸೇತುವೆಯಲ್ಲಿ ಉಗಿ ಚೆಲ್ಲುತ್ತ ಎಂಜಿನ್ನು ಸಾಗುತ್ತಿದೆ. ರೈಲು ದಿನಕ್ಕೆರಡು ಸಲ ಮನೆಯ ಪಾತ್ರೆಗಳನ್ನು ಅಲುಗಿಸಿ ಹೋಗುವಲ್ಲಿ ಜನ ಅದನ್ನು ಹೇಗೆ ನೋಡುತ್ತಾರೆ, ಅಥವಾ ಹೇಗೆ ನೋಡುವುದನ್ನೇ ಬಿಟ್ಟಿರುತ್ತಾರೆ, ಎಂಬುದನ್ನು ಇಷ್ಟು ಚೆನ್ನಾಗಿ ತೋರಿಸಿದ ಚಿತ್ರಗಳನ್ನು ನಾನು ಬೇರೆ ನೋಡಿಲ್ಲ.

ಆ ಜನರೆಲ್ಲ ಲಿಂಕ್ ಹೇಳಿದಲ್ಲಿ ನಿಂತವರು, ಕುಳಿತವರು. ಇದನ್ನು ಹಿಡಿದು ಆತನ ಕಲೆಯನ್ನು ನಾಟಕವೆಂದು ಮೂಗು ಮುರಿಯುವವರಿದ್ದಾರೆ. ಆತನ ಅತಿ ಪ್ರಸಿದ್ಧ ಚಿತ್ರವಂತೂ ಈ ಆಕ್ಷೇಪಕ್ಕೆ ನೇರವಾಗಿ ಸಿಕ್ಕಿಬೀಳುತ್ತದೆ. 1956ರ ಆಗಸ್ಟಿನಲ್ಲಿ ಪಶ್ಚಿಮ ವರ್ಜೀನಿಯದ ಯೇಗರ್ ಎಂಬಲ್ಲಿ, ಕಾರಿನಲ್ಲಿಯೇ ಕುಳಿತು ಸಿನಿಮಾ ನೋಡುವ ಬಯಲು ಚಿತ್ರಮಂದಿರದಲ್ಲಿ ತೆಗೆದದ್ದು ಅದು: ಮುಂದೆ ಲಿಂಕನದೇ ಆದ ಮಾಡಿಲ್ಲದ ಬ್ಯೂಯಿಕ್ ಕಾರಿನಲ್ಲಿ ಒರಗಿದ ಯುವದಂಪತಿಗಳಂಥ ಜೋಡಿ, ಎದುರಿನ ಪರದೆಯ ಮೇಲೆ ಹಾರುವ ಯುದ್ಧವಿಮಾನ, ಅದರಾಚೆ ಬೆಟ್ಟದ ಬುಡದಲ್ಲಿ ಗೂಡ್ಸ್ ಗಾಡಿಯನ್ನೆಳೆಯುತ್ತ ಧಾವಿಸುವ 'ಎ' ವರ್ಗದ ಎಂಜಿನ್ನು. ಬಲ್ಬುಗಳ ಪ್ರಖರತೆಗೆ ಪರದೆಯ ಮೇಲಿನ ಬಿಂಬ ಅಳಿಸಿಹೋಗಿ ಬಿಳಿಯ ಗೋಡೆಯಷ್ಟೇ ಉಳಿದುದರಿಂದ, ವಿಮಾನವನ್ನು ಬೇರೊಂದು ನೆಗೆಟಿವ್‌ನಿಂದ ಆಮೇಲೆ ಕೂಡಿಸಲಾಯಿತು. ಈ ಚಿತ್ರವನ್ನು ಲೋಕ ಮೆಚ್ಚಿದಷ್ಟು ನಾನು ಮೆಚ್ಚಲಾರೆ. ಅದರಲ್ಲಿ ಜಾಹೀರಾತಿನವನ ಜಾಣ್ಮೆ ತುಸು ಹೆಚ್ಚಾಗಿಯೇ ಕಾಣುತ್ತದೆ. ಆದರೆ ಉಳಿದವುಗಳ ಬಗೆಗೆ ಆ ಆಕ್ಷೇಪ ಸಲ್ಲದು. ಕಿಟಕಿಯ ಬಳಿ ನಿಲ್ಲೆಂದು ಹುಡುಗನಿಗೆ ಹೇಳಿದವನು ಲಿಂಕ್ ಇರಬಹುದು. ಮನೆ ಹಳಿಯ ಪಕ್ಕದಲ್ಲಿರುವುದೂ, ಗಾಡಿ ಅದೇ ಹೊತ್ತಿಗೆ ಬರುವುದೂ ಆತ ಹೇಳಿ ಮಾಡಿಸಿದುದಲ್ಲ.

ನನ್ನ ಮನಸ್ಸಿನಲ್ಲಿ ನೆಲೆನಿಂತ ಚಿತ್ರವೇ ಬೇರೆ, ಅದು ರಾತ್ರಿಯದೂ ಅಲ್ಲ. ವರ್ಜೀನಿಯದ ಅಬಿಂಗ್ಡನ್ನಿನಿಂದ ಉತ್ತರ ಕೆರೊಲೈನದ ವೆಸ್ಟ್ ಜೆಫರ್ಸನ್ನಿಗೆ ಮರದ ಸೇತುವೆಗಳನ್ನು ಒಂದಾದಮೇಲೊಂದು ದಾಟುತ್ತ, 3,500 ಅಡಿಗೂ ಮಿಗಿಲಾದ ಎತ್ತರದ ವೈಟ್ ಟಾಪ್ ಸ್ಟೇಷನ್ನನ್ನು ಏರಿ ಇಳಿಯುವ ಕವಲುದಾರಿಯೊಂದಿದ್ದಿತು. ಬಳ್ಳಿಯಂತೆ ತೆವಳುವ ಗಾಡಿಯಾದುದರಿಂದ ಅದಕ್ಕೆ 'ವರ್ಜೀನಿಯ ಕ್ರೀಪರ್' ಎಂದೇ ಹೆಸರು. ಸಾಮಾನಿನ ವ್ಯಾಗನ್ನುಗಳಿಗೆ ಜನರ ಬೋಗಿಯನ್ನೂ ಸಿಕ್ಕಿಸಿದ ಮಿಕ್ಸೆಡ್ ಗಾಡಿ. ಎಳೆಯುತ್ತಿದ್ದುದು ಐವತ್ತರ ಆಸುಪಾಸಿನ ಮುದಿ ಎಂಜಿನ್ನು. ಆ ದಾರಿಯ ಗ್ರೀನ್ ಕೋವ್ ಎಂಬ ಪುಟ್ಟ ಸ್ಟೇಷನ್ನು ಮರದ ಹಲಗೆಗಳ ಒಂದೇ ಕಟ್ಟಡ. ರೈಲಿನ ಟಿಕೆಟ್ಟೂ, ಅಂಚೆಯೂ, ಅಂಗಡಿಯ ದಿನಸಿಯೂ ಅದರೊಳಗೇ. 1956ರಲ್ಲಿ ಅಲ್ಲಿ ಲಿಂಕ್ ಕಾಯುತ್ತಿದ್ದಾಗ, ಬಂಡಿಗೆ ಹೂಡಿದ್ದ ಮಾಡ್ ಎಂಬ ಬಿಳಿಯ ಕುದುರೆಯೊಂದು ಗಾಡಿ ಹತ್ತಿರ ಬಂದ ಸಮಯಕ್ಕೆ ಸರಿಯಾಗಿ ತಲೆ ತಗ್ಗಿಸಿತು. ಮಹತ್ತಾದ ಬೆಳಕಿನ ವ್ಯೂಹವನ್ನು ಕಟ್ಟಿ ಎಲ್ಲವನ್ನೂ ಗೊತ್ತುಮಾಡಿಕೊಳ್ಳುತ್ತಿದ್ದ ಆ ಮನುಷ್ಯನಿಗೆ ಒಂದು ಕುದುರೆ, ತಾನಾಗಿ, ಆತ ಕೇಳದಿದ್ದ ಚಿತ್ರವೊಂದನ್ನು ಕೊಟ್ಟುಬಿಟ್ಟಿತು.

ಲಿಂಕ್ ಕಿವಿಯನ್ನೂ ಮರೆಯಲಿಲ್ಲವೆಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಧ್ವನಿಮುದ್ರಣದ ಯಂತ್ರವನ್ನೂ ಹೊತ್ತೊಯ್ದು ಆತನು ಹಿಡಿದ ಸದ್ದುಗಳು ಆರು ಗ್ರಾಮಫೋನ್ ತಟ್ಟೆಗಳಾಗಿ ಹೊರಬಂದುವು. ಅವುಗಳಲ್ಲಿ ಶ್ರೇಷ್ಠವಾದದ್ದು 1957ರ ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ರೂರಲ್ ರಿಟ್ರೀಟ್ ಎಂಬ ಬೆಟ್ಟದೂರಿನಲ್ಲಿ ಆದ ಮುದ್ರಣ: ಚರ್ಚಿನಿಂದ ಹಬ್ಬದ ಗೀತೆಯ ಘಂಟಾನಾದ, ಅದರ ನಡುವೆ ದೂರದಿಂದ ಸಿಳ್ಳು, ಗಾಡಿ ಬಂದು ನಿಲ್ಲುವ ಉಸಿರು, ಹೊರಡುವ ಎಂಜಿನ್ನಿನ ಒಂದೊಂದೇ ಭಾರವಾದ ಹೊಡೆತ.

ಇಂಥವನನ್ನು ಕಲಾಲೋಕ ಗುರುತಿಸಿದ್ದು 1980ರ ದಶಕದಲ್ಲಿ, ಚಿತ್ರಗಳು ಕಾಲು ಶತಮಾನ ಪೆಟ್ಟಿಗೆಯಲ್ಲಿದ್ದ ಮೇಲೆ. 2001ರಲ್ಲಿ ಆತನು ತೀರಿಕೊಂಡನು. ರೋನೋಕಿನ ಹಳೆಯ ರೈಲ್ವೆ ಸ್ಟೇಷನ್ನಿನ ಕಟ್ಟಡದಲ್ಲಿ ಆತನ ಹೆಸರಿನ ಸಂಗ್ರಹಾಲಯ 2004ರಲ್ಲಿ ತೆರೆಯಿತು. ಕ್ರೀಪರಿನ ಹಳಿಗಳ ಮೇಲೆ ಕಡೆಯ ಗಾಡಿ ಓಡಿದ್ದು 1977ರಲ್ಲಿ. ಹಳಿ ಕಿತ್ತ ಹಾದಿ ಅಬಿಂಗ್ಡನ್ನಿನಿಂದ ವೈಟ್ ಟಾಪಿನವರೆಗೆ ನಡೆಯುವವರ, ಸೈಕಲ್ಲಿನವರ ದಾರಿಯಾಯಿತು. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತದ ಪ್ರವಾಹ ಅದರ ಮೇಲ್ಭಾಗದ ಸೇತುವೆಗಳನ್ನು ಕೊಚ್ಚಿಕೊಂಡು ಹೋಯಿತು.

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ನಮ್ಮ ಘಾಟಿಯಲ್ಲಿಯೂ ಮೀಟರ್ ಗೇಜಿನ ಗಾಡಿಗಳು ತೊಂಬತ್ತರ ದಶಕದವರೆಗೆ ಓಡಿ ನಿಂತುಹೋದುವು. ಹಳಿ ಅಗಲವಾಗಿ ಮತ್ತೆ ಗಾಡಿಗಳು ಬಂದಮೇಲೆ ಐವತ್ತೇಳು ಸುರಂಗಗಳ ಈ ದಾರಿಯ ಚಿತ್ರಗಳಿಗೆ ಕೊರತೆಯಿಲ್ಲ, ಎಲ್ಲವೂ ಹಸಿರು, ಎಲ್ಲವೂ ಸೇತುವೆ. ಆದರೆ ದೋಣಿಗಲ್ಲಿನಲ್ಲಿಯೋ ಯಡಕುಮರಿಯಲ್ಲಿಯೋ ಮಳೆಗಾಲದ ರಾತ್ರಿ ಲಾಂದ್ರ ಹಿಡಿದು ಹಳಿ ಕಾಯುತ್ತಿದ್ದ ಗ್ಯಾಂಗ್‌ಮನ್ನನ ಮುಖ, ಕ್ವಾರ್ಟರ್ಸಿನ ಜಗಲಿಯಿಂದ ಗೂಡ್ಸಿನ ವ್ಯಾಗನ್ನುಗಳನ್ನು ಎಣಿಸುತ್ತಿದ್ದ ಮಕ್ಕಳು, ಇವರ ಚಿತ್ರ ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ, ದಯವಿಟ್ಟು ಅದರ ಬೆನ್ನಿಗೆ ಸ್ಟೇಷನ್ನಿನ ಹೆಸರನ್ನೂ ಇಸವಿಯನ್ನೂ ಬರೆದಿಡಿ.