ಅತಿ ಹಳೆಯ ಬೆಳಕಿನಲ್ಲಿ ಕಾಂತದ ಗುರುತು

ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕಾಂತಕ್ಷೇತ್ರದ ಬಲ ಸುಮಾರು ಅರ್ಧ ಗಾಸ್. ಆಕಾಶಗಂಗೆಯದ್ದು ಅದರ ಮುಂದೆ ಏನೂ ಅಲ್ಲ: ಒಂದು ಗಾಸ್‌ನ ಹತ್ತು ಲಕ್ಷದಲ್ಲಿ ಕೆಲವೇ ಪಾಲು. ಆದರೂ ಅದು ಎಲ್ಲಿಂದ ಬಂತು ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಸುತ್ತುವ ಗೆಲಾಕ್ಸಿ ಡೈನಮೊದ ಹಾಗೆ ಕಾಂತಕ್ಷೇತ್ರವನ್ನು ಬೆಳೆಸಬಲ್ಲದು. ಬೆಳೆಸಲು ಬೀಜವಂತೂ ಬೇಕೇ ಬೇಕು. ಮಹಾಸ್ಫೋಟದ ಮೊದಲ ಕ್ಷಣಗಳಲ್ಲೇ ಆ ಬೀಜ ಬಿದ್ದಿರಬಹುದು ಎನ್ನುವವರಿದ್ದಾರೆ. ಹಾಗಿದ್ದರೆ ಅದರ ಗುರುತನ್ನು ವಿಶ್ವದ ಅತಿ ಹಳೆಯ ಬೆಳಕಿನಲ್ಲಿ ಹುಡುಕಬೇಕು.

ಆ ಬೆಳಕು ಹೊರಟದ್ದು ಮಹಾಸ್ಫೋಟವಾಗಿ ಸುಮಾರು 3.8 ಲಕ್ಷ ವರ್ಷಗಳಾದ ಮೇಲೆ, ಎಲೆಕ್ಟ್ರಾನ್ ಪ್ರೋಟಾನ್‌ಗಳು ಕೂಡಿ ಹೈಡ್ರೋಜನ್ ಆದಾಗ. ಈಗ ಅದು 2.7 ಕೆಲ್ವಿನ್‌ಗೆ ತಣಿದು ಮೈಕ್ರೋವೇವ್ ಹಿನ್ನೆಲೆ ವಿಕಿರಣವಾಗಿದೆ. ಕಾಂತಕ್ಷೇತ್ರವಿದ್ದರೆ ಈ ವಿಕಿರಣದ ಧ್ರುವೀಕರಣದ ದಿಕ್ಕು ಕೊಂಚ ತಿರುಗುತ್ತದೆ. ಆವರ್ತನ ಕಡಿಮೆಯಾದಷ್ಟೂ ಹೆಚ್ಚು ತಿರುಗುತ್ತದೆ. ಬಿಡಿ ಎಲೆಕ್ಟ್ರಾನ್ ಪ್ರೋಟಾನ್‌ಗಳ ಪ್ಲಾಸ್ಮಾ ಅಲ್ಲಾಡಿ ಉಷ್ಣತೆಯಲ್ಲೂ ಹೆಚ್ಚುವರಿ ಏರಿಳಿತ ಮೂಡುತ್ತದೆ. ಚಿಕ್ಕ ಅಳತೆಯ ಸಾಮಾನ್ಯ ಏರಿಳಿತಗಳನ್ನು ಸೋರಿಹೋಗುವ ಬೆಳಕೇ ಅಳಿಸಿಹಾಕುತ್ತದೆ. ಆದರೆ ಕಾಂತಕ್ಷೇತ್ರ ಎಬ್ಬಿಸುವ ಅಲೆಗಳು ಅಲ್ಲೂ ಬದುಕಿ ಉಳಿಯುತ್ತವೆಂದು ಕಂದಸ್ವಾಮಿ ಸುಬ್ರಮಣಿಯನ್ ಮತ್ತು ಜಾನ್ ಬ್ಯಾರೊ 1998ರಲ್ಲಿ ತೋರಿಸಿದರು. ಪ್ಲಾಂಕ್ ಉಪಗ್ರಹದ ದತ್ತಾಂಶದಲ್ಲಿ ಇಂಥ ಗುರುತು ಸಿಗಲಿಲ್ಲ. ಕ್ಷೇತ್ರವಿದ್ದರೂ ಅದು ಕೆಲವು ನ್ಯಾನೊಗಾಸ್ ಮೀರದು ಎಂಬ ಮಿತಿಯಷ್ಟೇ ದಕ್ಕಿತು.

ಇದಕ್ಕಿಂತ ನನಗೆ ಸ್ವಾರಸ್ಯವೆನಿಸುವುದು ಇನ್ನೊಂದು ದಾರಿ. ಕಾಂತಕ್ಷೇತ್ರ ಪ್ಲಾಸ್ಮಾವನ್ನು ಕೆಲವೆಡೆ ಒತ್ತುತ್ತದೆ, ಕೆಲವೆಡೆ ತೆಳುವಾಗಿಸುತ್ತದೆ. ಊರೆಲ್ಲ ಚದುರಿದ ಜನ ಸಂತೆಯಲ್ಲಿ ಸೇರಿದರೆ ಹೆಜ್ಜೆಗೊಬ್ಬರು ಪರಿಚಯದವರು ಎದುರಾಗುವುದಿಲ್ಲವೇ? ಎಲೆಕ್ಟ್ರಾನ್ ಪ್ರೋಟಾನ್‌ಗಳ ಕೂಡುವಿಕೆಯೂ ಹಾಗೆಯೇ. ಸಾಂದ್ರತೆ ಇಮ್ಮಡಿಯಾದಲ್ಲಿ ಕೂಡುವ ವೇಗ ನಾಲ್ಕು ಪಟ್ಟಾಗುತ್ತದೆ. ತೆಳುವಾದ ಕಡೆಯ ನಷ್ಟವನ್ನೆಲ್ಲ ಕಳೆದರೂ ಒಟ್ಟಾರೆ ಲಾಭವೇ. ಹೀಗಾಗಿ ಹೈಡ್ರೋಜನ್ ಕೊಂಚ ಬೇಗ ರೂಪುಗೊಳ್ಳುತ್ತದೆ, ಬೆಳಕೂ ಬೇಗ ಹೊರಡುತ್ತದೆ. ಅಷ್ಟರಲ್ಲಿ ಪ್ಲಾಸ್ಮಾದ ಶಬ್ದತರಂಗ ಕ್ರಮಿಸಿದ ದೂರವೂ ಕಿರಿದಾಗುತ್ತದೆ. ಈ ದೂರವನ್ನೇ ಅಳತೆಗೋಲಾಗಿಸಿ ಖಗೋಳವಿಜ್ಞಾನಿಗಳು ವಿಶ್ವ ಹಿಗ್ಗುವ ವೇಗವನ್ನು ಲೆಕ್ಕ ಹಾಕುವುದು.

ಆ ಲೆಕ್ಕದಲ್ಲೇ ಈಗ ಜಗಳ. ಹಿನ್ನೆಲೆ ವಿಕಿರಣದ ಪ್ರಕಾರ ವೇಗ ಪ್ರತಿ ಮೆಗಾಪಾರ್ಸೆಕ್ ದೂರಕ್ಕೆ ಸೆಕೆಂಡಿಗೆ ಸುಮಾರು 67 ಕಿಲೋಮೀಟರ್. ಸೂಪರ್‌ನೋವಾಗಳ ಅಳತೆಯಲ್ಲಿ 73. ಅಳತೆಗೋಲು ಕಿರಿದಾದರೆ ಮೊದಲ ಸಂಖ್ಯೆ ಮೇಲೇರುತ್ತದೆ. ಇದಕ್ಕೆ ಸುಮಾರು 0.1 ನ್ಯಾನೊಗಾಸ್ ಸಾಕು ಎಂದು ಕಾರ್ಸ್ಟನ್ ಯೆಡಾಮ್‌ಜಿಕ್ ಮತ್ತು ಲೆವೊನ್ ಪೊಗೋಸಿಯನ್ 2020ರಲ್ಲಿ ಸೂಚಿಸಿದರು. ಪ್ಲಾಂಕ್ ನೇರವಾಗಿ ಹಿಡಿಯಲಾರದಷ್ಟು ಕ್ಷೀಣ ಬಲವಿದು. ಅಂತರ ಪೂರ್ತಿ ಮುಚ್ಚುವುದಿಲ್ಲ, ಕಿರಿದಾಗುತ್ತದೆ ಅಷ್ಟೆ. ಪ್ಲಾಸ್ಮಾ ನಿಜಕ್ಕೂ ಹೀಗೆ ಗಂಟುಗಟ್ಟಿತ್ತೇ ಎಂಬುದಕ್ಕೆ ಸಾಕ್ಷಿ ಸಿಗಬೇಕಾದದ್ದು ಹಿನ್ನೆಲೆ ವಿಕಿರಣದ ಅತಿ ಚಿಕ್ಕ ಅಳತೆಯ ಏರಿಳಿತಗಳಲ್ಲಿ. ಚಿಲಿಯ ಅಟಕಾಮ ಮರುಭೂಮಿಯಲ್ಲಿರುವ ಸೈಮನ್ಸ್ ವೀಕ್ಷಣಾಲಯದ ದೂರದರ್ಶಕಗಳು ಇವನ್ನು ಪ್ಲಾಂಕ್‌ಗಿಂತ ಸೂಕ್ಷ್ಮವಾಗಿ ಅಳೆಯಬಲ್ಲವು.